ಅಮರ ಚಿತ್ರಕಥೆಯ ಚಿತ್ರಗಳನ್ನೆಲ್ಲ ಬಿಡಿಸಿದ್ದು ಅನಂತ ಪೈ ಅವರೇ? ಕಾಮಿಕ್ಸ್ ಹಿಂದಿರುವ ಇಬ್ಬರ ಕಥೆ

ಹಳೆಯ ಅಮರ ಚಿತ್ರಕಥೆಯ ಒಂದು ಪುಟದ ಫೋಟೊ. ಅದರ ಕೆಳಗೆ "ಬಾಲ್ಯ ನೆನಪಾಯಿತೇ? ಈ ಚಿತ್ರಗಳನ್ನೆಲ್ಲ ಬರೆದ ನಮ್ಮ ಕಾರ್ಕಳದ ಅನಂತ ಪೈ ಅವರಿಗೆ ಒಂದು ಸಲಾಂ" ಎಂಬ ಸಾಲು. ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ನೀವೂ ಖುಷಿಯಿಂದ ನಾಲ್ಕು ಗುಂಪಿಗೆ ಕಳಿಸಿರಬಹುದು.

ಸಲಾಂ ಸರಿ. ಆದರೆ ಆ ಚಿತ್ರಗಳನ್ನು ಬಿಡಿಸಿದ್ದು ಅವರಲ್ಲ.

ಈ ಗೊಂದಲಕ್ಕೆ ನಮ್ಮ ಭಾಷೆಯೂ ಸ್ವಲ್ಪ ಕಾರಣ. ಕನ್ನಡದಲ್ಲಿ ಕಥೆಯನ್ನೂ "ಬರೆಯುತ್ತೇವೆ", ಚಿತ್ರವನ್ನೂ "ಬರೆಯುತ್ತೇವೆ". "ಈ ಕಾಮಿಕ್ಸ್ ಬರೆದವರು ಯಾರು?" ಎಂದು ಕೇಳಿದರೆ ಒಬ್ಬರ ಹೆಸರು ಹೇಳಿ ಸುಮ್ಮನಾಗುತ್ತೇವೆ. ನಿಜದಲ್ಲಿ ಅದು ಎರಡು ಪ್ರಶ್ನೆ. ಕಥೆ ಬರೆದವರು ಯಾರು? ಚಿತ್ರ ಬಿಡಿಸಿದವರು ಯಾರು? ಈ ಎರಡನೇ ಪ್ರಶ್ನೆ ಕೇಳದೇ ಹೋದದ್ದರಿಂದ ಹೆಸರು ಕಳೆದುಕೊಂಡವರು ಎಷ್ಟೋ ಮಂದಿ.

ಕಾಮಿಕ್ಸ್ ಬಗ್ಗೆ ಹರಿದಾಡುವ ಐದು ಮಾತುಗಳನ್ನು ಒಂದೊಂದಾಗಿ ನೋಡೋಣ.

ಮಾತು 1: "ಅಮರ ಚಿತ್ರಕಥೆಯ ಚಿತ್ರಗಳೆಲ್ಲ ಅನಂತ ಪೈ ಅವರವು"

ಇದು ತಪ್ಪು.

ಅನಂತ ಪೈ ಹುಟ್ಟಿದ್ದು 1929ರಲ್ಲಿ, ಕಾರ್ಕಳದಲ್ಲಿ. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಮುಂಬೈ ಸೇರಿದರು. ಓದಿದ್ದು ರಾಸಾಯನಿಕ ತಂತ್ರಜ್ಞಾನ. ಮನಸ್ಸು ಮಾತ್ರ ಪುಸ್ತಕಗಳ ಕಡೆಗಿತ್ತು. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯ ಪುಸ್ತಕ ವಿಭಾಗದಲ್ಲಿದ್ದಾಗ ಇಂದ್ರಜಾಲ್ ಕಾಮಿಕ್ಸ್ ಕೆಲಸದಲ್ಲಿ ತೊಡಗಿದರು. ಮುಂದೆ ಇಂಡಿಯಾ ಬುಕ್ ಹೌಸ್ ಜೊತೆ ಸೇರಿ ಅಮರ ಚಿತ್ರಕಥೆಯನ್ನು ಕಟ್ಟಿದರು. 1980ರಲ್ಲಿ ಟಿಂಕಲ್ ಪತ್ರಿಕೆ ಶುರುವಾಯಿತು. ಮಕ್ಕಳಿಗೆ ಅವರು "ಅಂಕಲ್ ಪೈ" ಆದರು. 2011ರಲ್ಲಿ ತೀರಿಕೊಂಡರು.

ಅವರು ಸಂಪಾದಕರು. ಹಲವು ಪುಸ್ತಕಗಳಿಗೆ ಕಥೆಯನ್ನೂ ಅವರೇ ಬರೆದರು. ಆದರೆ ಕುಂಚ ಹಿಡಿದವರು ಬೇರೆ. "ಕೃಷ್ಣ" ಪುಸ್ತಕದ ಕಥೆ ಅನಂತ ಪೈ ಅವರದು, ಚಿತ್ರ ರಾಮ್ ವಾಯೀರ್‌ಕರ್ ಅವರದು. ನಮ್ಮಲ್ಲಿ ಎಷ್ಟೋ ಜನರಿಗೆ "ಕೃಷ್ಣ" ಎಂದರೆ ಮೊದಲು ಕಣ್ಣಿಗೆ ಬರುವ ಆ ನೀಲಿ ಬಾಲಕನ ಮುಖ ವಾಯೀರ್‌ಕರ್ ಅವರ ಕೈಯದು. ಅವರಲ್ಲದೆ ಪ್ರತಾಪ್ ಮುಳಿಕ್, ಯೂಸುಫ್ ಲೀನ್, ದಿಲೀಪ್ ಕದಮ್ ಮುಂತಾದ ಕಲಾವಿದರು ಈ ಮಾಲಿಕೆಗೆ ಚಿತ್ರ ಬಿಡಿಸಿದರು. ಕಥೆ ಬರೆಯುವ ತಂಡವೂ ದೊಡ್ಡದೇ. ಕಮಲಾ ಚಂದ್ರಕಾಂತ್, ಸುಬ್ಬಾ ರಾವ್, ಲೂಯಿಸ್ ಫರ್ನಾಂಡಿಸ್ ಅವರಲ್ಲಿ ಕೆಲವರು.

ಟಿಂಕಲ್‌ನ ಸುಪ್ಪಾಂಡಿಯನ್ನು ನೋಡಿ. ಹೇಳಿದ ಮಾತನ್ನು ಅಕ್ಷರಶಃ ಪಾಲಿಸಿ ಎಡವಟ್ಟು ಮಾಡುವ ಆ ಹುಡುಗನ ಕಥೆ ಮೊದಲು ಬಂದದ್ದು ತಮಿಳುನಾಡಿನ ಓದುಗರೊಬ್ಬರು ಕಳಿಸಿದ ಜನಪದ ಕಥೆಗಳಿಂದ. ಅವನಿಗೆ ಆ ಚೂಪು ತಲೆ, ಆ ಪೆದ್ದು ನಗೆ ಕೊಟ್ಟವರು ವಾಯೀರ್‌ಕರ್. ಅವರ ನಂತರ ಮಗಳು ಅರ್ಚನಾ ಅಂಬೇರ್‌ಕರ್ ಸುಪ್ಪಾಂಡಿಯನ್ನು ಬಿಡಿಸಿದರು. ಟೋಪಿಯಲ್ಲಿ ಕಣ್ಣು ಮುಚ್ಚಿಕೊಂಡೇ ಓಡಾಡುವ ಶಿಕಾರಿ ಶಂಭುವಿಗೆ ಕಥೆ ಕೊಟ್ಟವರು ಲೂಯಿಸ್ ಫರ್ನಾಂಡಿಸ್, ರೂಪ ಕೊಟ್ಟವರು ವಸಂತ್ ಹಲಬೆ.

ಹಾಗಾದರೆ ಅನಂತ ಪೈ ಅವರ ಕೆಲಸ ಸಣ್ಣದೇ? ಖಂಡಿತ ಅಲ್ಲ. ಯಾವ ಕಥೆ ಆರಿಸಬೇಕು, ಯಾರು ಬರೆಯಬೇಕು, ಯಾರು ಬಿಡಿಸಬೇಕು, ಎಲ್ಲಿ ತಿದ್ದಬೇಕು ಎಂದು ನಿರ್ಧರಿಸುವವನಿಲ್ಲದೆ ನೂರಾರು ಪುಸ್ತಕಗಳ ಮಾಲಿಕೆ ನಡೆಯುವುದಿಲ್ಲ. ಅವರ ಪಾಲು ಅವರಿಗೆ ಇರಲಿ. ಉಳಿದವರ ಪಾಲು ಉಳಿದವರಿಗೆ ಸಿಗಲಿ.

ಮಾತು 2: "ಅಮರ ಚಿತ್ರಕಥೆ ಮೊದಲು ಬಂದದ್ದು ಇಂಗ್ಲಿಷಿನಲ್ಲಿ, ಮೊದಲ ಪುಸ್ತಕ ಕೃಷ್ಣ"

ಇದು ಅರ್ಧ ಸತ್ಯ. ಕನ್ನಡಿಗರು ಸಂತೋಷಪಡಬೇಕಾದದ್ದು ಉಳಿದ ಅರ್ಧದಲ್ಲಿದೆ.

ಇಂಗ್ಲಿಷ್ "ಕೃಷ್ಣ"ದ ಮೇಲಿರುವ ಸಂಖ್ಯೆ 11. ಹಾಗಾದರೆ ಮೊದಲ ಹತ್ತು ಎಲ್ಲಿ ಹೋದವು? ಆ ಹತ್ತು ಬಂದದ್ದು ಕನ್ನಡದಲ್ಲಿ. ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಪುಸ್ತಕ ಮಾರಾಟ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರು ಕನ್ನಡದ ಮಕ್ಕಳಿಗೆ ಚಿತ್ರಕಥೆ ತರೋಣ ಎಂದು ಮುಂದಾದರು. 1965ರಲ್ಲಿ ಸಿಂಡ್ರೆಲ್ಲಾದಂಥ ಪಾಶ್ಚಾತ್ಯ ಕಥೆಗಳು ಕನ್ನಡದಲ್ಲಿ ಅಚ್ಚಾದವು. ಅವು ಚೆನ್ನಾಗಿ ಮಾರಾಟವಾದವು. ಆ ಯಶಸ್ಸು ನೋಡಿಯೇ ಮುಂಬೈನ ಮುಖ್ಯ ಕಚೇರಿ ಇಂಗ್ಲಿಷಿನತ್ತ ಮನಸ್ಸು ಮಾಡಿತು, ಆಮೇಲೆ ಅನಂತ ಪೈ ಬಂದರು ಎಂದು ಅನಂತರಾಮ್ ಹೇಳಿದ್ದಾರೆ.

ಅನಂತ ಪೈ ಹೇಳುತ್ತಿದ್ದ ಕಥೆ ಇನ್ನೊಂದು. 1967ರಲ್ಲಿ ದೆಹಲಿಯಲ್ಲಿ ದೂರದರ್ಶನದ ಕ್ವಿಜ್ ಒಂದನ್ನು ಅವರು ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗೆ ಥಟ್ಟನೆ ಉತ್ತರಿಸಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ. ಅದೇ ತಮಗೆ ಪ್ರೇರಣೆ ಎನ್ನುತ್ತಿದ್ದರು.

ಎರಡೂ ಒಟ್ಟಿಗೆ ನಿಜವಾಗಿರಲು ಅಡ್ಡಿಯಿಲ್ಲ. ಕನ್ನಡದಲ್ಲಿ ಮಾರುಕಟ್ಟೆ ಇದೆ ಎಂದು ತೋರಿಸಿದವರು ಒಬ್ಬರು, ನಮ್ಮದೇ ಕಥೆಗಳನ್ನು ತುಂಬಿ ದೇಶದ ತುಂಬ ಹಬ್ಬಿಸಿದವರು ಇನ್ನೊಬ್ಬರು. ಫಾರ್ವರ್ಡ್‌ಗಳಲ್ಲಿ ಉಳಿದದ್ದು ಒಂದೇ ಹೆಸರು.

ಮಾತು 3: "ಚಿತ್ರವೇ ಮುಖ್ಯ, ಕಥೆಗಾರ ಮಾತಿನ ಗುಳ್ಳೆ ತುಂಬಿಸುತ್ತಾನಷ್ಟೆ"

ಇದೂ ತಪ್ಪು. ಕೆಲಸ ಹೇಗೆ ನಡೆಯುತ್ತದೆ ಎಂದು ಒಂದು ಉದಾಹರಣೆಯಿಂದ ನೋಡೋಣ.

ಔರಾದ್ ತಾಲೂಕಿನ ಎಕಂಬಾದಲ್ಲಿ ಒಬ್ಬ ಅಜ್ಜಿಗೆ ಕೊನೆಯ ಬಸ್ ತಪ್ಪಿಹೋಗುತ್ತದೆ ಎಂದಿಟ್ಟುಕೊಳ್ಳಿ. ಕಥೆ ಇಷ್ಟೇ. ಕಥೆಗಾರ ಇದನ್ನು ಹೀಗೆ ಬರೆದುಕೊಡುತ್ತಾನೆ:

ಚೌಕ 1: ಸಂಜೆ. ಅಜ್ಜಿ ಗಂಟು ಹಿಡಿದು ಓಡಿ ಬರುತ್ತಿದ್ದಾಳೆ. ಹಿಂದೆ ಮೊಮ್ಮಗ. ಅಜ್ಜಿಯ ಮಾತು: "ಕಂಡಕ್ಟರ್ ಸಾಬ್, ಗಾಡಿ ನಿಂದ್ರಸ್ರಿ!"

ಚೌಕ 2: ಹೊರಟ ಬಸ್ಸಿನ ಹಿಂಭಾಗ. ಧೂಳು. ಮಾತಿಲ್ಲ.

ಚೌಕ 3: ಅಜ್ಜಿ ಗಂಟಿನ ಮೇಲೆ ಕುಳಿತಿದ್ದಾಳೆ. ಮೊಮ್ಮಗನ ಮಾತು: "ಆಯಿ, ಬಸ್ ಹೋಯ್ತು. ನಮಗ ಭಾಳ ತಡ ಆಯ್ತು."

ನೋಡಿ, ಇಲ್ಲಿ ಇನ್ನೂ ಒಂದು ಗೆರೆಯೂ ಬಿದ್ದಿಲ್ಲ. ಆದರೆ ಕಥೆಯನ್ನು ಮೂರು ಚೌಕಗಳಾಗಿ ಒಡೆದದ್ದು, ಎರಡನೇ ಚೌಕದಲ್ಲಿ ಮಾತು ಬೇಡ ಎಂದದ್ದು ಕಥೆಗಾರನೇ. ಪುಟದ ನಡಿಗೆ ಅಲ್ಲಿಯೇ ತೀರ್ಮಾನವಾಗುತ್ತದೆ.

ಈಗ ಇದು ಕಲಾವಿದನ ಕೈಗೆ ಹೋಗುತ್ತದೆ. ಮೊದಲ ಚೌಕವನ್ನು ಪುಟದ ಅಗಲಕ್ಕೂ ಹರಡಿ, ಒಂದು ತುದಿಯಲ್ಲಿ ಬಸ್ಸು, ಇನ್ನೊಂದು ತುದಿಯಲ್ಲಿ ಇರುವೆಯಷ್ಟು ಸಣ್ಣ ಅಜ್ಜಿ. ಬಸ್ ಸಿಗುವುದಿಲ್ಲ ಎಂದು ಓದುಗನಿಗೆ ಆಗಲೇ ತಿಳಿಯುತ್ತದೆ. ಎರಡನೇ ಚೌಕದ ಧೂಳಿನಲ್ಲಿ ಅವನು ಕಥೆಯಲ್ಲಿ ಇಲ್ಲದ ಒಂದು ವಸ್ತು ಸೇರಿಸುತ್ತಾನೆ: ಓಡುವಾಗ ಕಳಚಿಬಿದ್ದ ಅಜ್ಜಿಯ ಒಂದು ಚಪ್ಪಲಿ.

ಚಿತ್ರ ಕಥೆಗಾರನಿಗೆ ಮರಳಿ ಬರುತ್ತದೆ. ಚಪ್ಪಲಿ ನೋಡಿ ಅವನು ಮೂರನೇ ಚೌಕದ ಮಾತನ್ನೇ ಹೊಡೆದುಹಾಕುತ್ತಾನೆ. ಬಸ್ ಹೋದದ್ದು ಚಿತ್ರದಲ್ಲೇ ಕಾಣುತ್ತಿದೆ, ಮತ್ತೆ ಹೇಳುವುದೇಕೆ? ಈಗ ಮೊಮ್ಮಗ ಏನೂ ಮಾತಾಡುವುದಿಲ್ಲ. ಆ ಚಪ್ಪಲಿ ಎತ್ತಿ ತಂದು ಅಜ್ಜಿಯ ಕಾಲ ಬಳಿ ಇಡುತ್ತಾನೆ.

ಕೊನೆಯ ಚೌಕ ಯಾರದು? ಚಪ್ಪಲಿ ಕಲಾವಿದನದು, ಅದನ್ನು ಎತ್ತಿಕೊಟ್ಟವನು ಕಥೆಗಾರ. ಬೇರೆ ಬೇರೆ ಕುಳಿತಿದ್ದರೆ ಇಬ್ಬರಿಗೂ ಅದು ಹೊಳೆಯುತ್ತಿರಲಿಲ್ಲ. ಒಂದೇ ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ ಎನ್ನುವುದು ಇದಕ್ಕೇ.

ಬೀದರಿನವರಿಗೆ ಇದು ಹೊಸ ವಿಷಯವಲ್ಲ. ಒಂದು ಬಿದರಿ ಹೂದಾನಿ ತೆಗೆದುಕೊಳ್ಳಿ. ಸತು ಮತ್ತು ತಾಮ್ರ ಕರಗಿಸಿ ಎರಕ ಹೊಯ್ಯುವುದು ಒಂದು ಕೆಲಸ. ಮೈಮೇಲೆ ವಿನ್ಯಾಸ ಬಿಡಿಸಿ ಉಳಿಯಿಂದ ಕೆತ್ತುವುದು ಇನ್ನೊಂದು. ಕೆತ್ತಿದ ಗೀರಿನಲ್ಲಿ ಬೆಳ್ಳಿ ತಂತಿ ಕೂರಿಸುವುದು ಮತ್ತೊಂದು. ಕೊನೆಗೆ ಕೋಟೆಯ ಮಣ್ಣು ಸೇರಿಸಿ ಕಾಯಿಸಿದ ನೀರಿನಲ್ಲಿ ಅದ್ದಿದಾಗ ಲೋಹ ಕಪ್ಪಾಗಿ ಬೆಳ್ಳಿ ಹೊಳೆಯುತ್ತದೆ. ಒಂದೊಂದು ಹಂತಕ್ಕೂ ನುರಿತ ಕೈ ಬೇಕು. ಕಾಮಿಕ್ಸ್ ಕೂಡ ಹಾಗೆಯೇ. ಕಥೆ, ಪೆನ್ಸಿಲ್ ಗೆರೆ, ಮಸಿ, ಅಕ್ಷರ, ಬಣ್ಣ ಎಲ್ಲ ಬೇರೆ ಬೇರೆಯವರ ಕೈಯದಾಗಿರಬಹುದು.

ಜಪಾನಿನ ಕಾಮಿಕ್ಸ್‌ಗೆ "ಮಾಂಗಾ" ಎನ್ನುತ್ತಾರೆ. ಅಲ್ಲಿ ಹಲವು ಪ್ರಸಿದ್ಧ ಕೃತಿಗಳ ಮೇಲೆ ಎರಡು ಹೆಸರು ಅಚ್ಚಾಗುತ್ತವೆ. 2003ರಿಂದ 2006ರವರೆಗೆ ವಾರಪತ್ರಿಕೆಯಲ್ಲಿ ಬಂದ "ಡೆತ್ ನೋಟ್" ಒಂದು ಉದಾಹರಣೆ. ಕಥೆ ತ್ಸುಗುಮಿ ಓಬಾ, ಚಿತ್ರ ತಕೇಶಿ ಒಬಾಟಾ. ಓಬಾ ಪ್ರತಿ ಕಂತಿಗೂ ಚೌಕಗಳ ಕಚ್ಚಾ ನಕ್ಷೆ ಮಾಡಿ, ಯಾರು ಎಲ್ಲಿ ನಿಂತು ಏನು ಹೇಳುತ್ತಾರೆ ಎಂದು ಗುರುತು ಹಾಕಿ ಕೊಡುತ್ತಿದ್ದರು. ಜಪಾನಿನಲ್ಲಿ ಈ ನಕ್ಷೆಯನ್ನು "ನೇಮು" ಎನ್ನುತ್ತಾರೆ. ಸಂಪಾದಕರ ಮೂಲಕ ಅದು ಒಬಾಟಾ ಕೈ ಸೇರುತ್ತಿತ್ತು. ಅವರು ಅದಕ್ಕೆ ಮುಖ, ಬೆಳಕು, ನೆರಳು ಕೊಡುತ್ತಿದ್ದರು. ಹೀಗೆ 108 ಅಧ್ಯಾಯಗಳು ಮುಗಿದವು. ಇಬ್ಬರೂ ಎದುರುಬದುರು ಕೂತದ್ದು ಕಡಿಮೆ. ಓಬಾ ಎಂಬುದು ಕಾವ್ಯನಾಮ, ಆ ವ್ಯಕ್ತಿ ಮುಖ ತೋರಿಸಿಕೊಳ್ಳುವುದೂ ಇಲ್ಲ. ಆದರೂ ಪ್ರತಿ ಪುಸ್ತಕದ ಮೇಲೂ ಎರಡೂ ಹೆಸರು ಇವೆ.

ಮಾತು 4: "ಡೋರೆಮಾನ್ ಮಾಡಿದವನು ಫುಜಿಕೊ ಫುಜಿಯೊ. ಕೊನೆಯ ಕಂತಿನಲ್ಲಿ ನೋಬಿತಾ ಸಾಯುತ್ತಾನೆ"

ಎರಡು ವಾಕ್ಯ, ಎರಡರಲ್ಲೂ ಗೊಂದಲ.

ಬೀದರ್, ಭಾಲ್ಕಿ, ಔರಾದ್‌ನ ಮಕ್ಕಳು ಟಿವಿಯಲ್ಲಿ ಹಿಂದಿಯಲ್ಲಿ ನೋಡುವ ಡೋರೆಮಾನ್ ಮೂಲದಲ್ಲಿ ಮಾಂಗಾ. "ಫುಜಿಕೊ ಫುಜಿಯೊ" ಒಬ್ಬ ವ್ಯಕ್ತಿಯಲ್ಲ, ಇಬ್ಬರು ಸ್ನೇಹಿತರು ಹಂಚಿಕೊಂಡ ಒಂದೇ ಹೆಸರು. ಹಿರೋಶಿ ಫುಜಿಮೊಟೊ ಮತ್ತು ಮೊಟೊ ಅಬಿಕೊ ತಕಾವೊಕಾ ಎಂಬ ಊರಿನ ಶಾಲೆಯಲ್ಲಿ ಗೆಳೆಯರಾದರು. 1954ರಲ್ಲಿ ಇಬ್ಬರೂ ಟೋಕಿಯೊಗೆ ಹೋದರು. ಮೊದಮೊದಲು ಜೊತೆಯಾಗಿ, ನಂತರ ಬೇರೆ ಬೇರೆಯಾಗಿ ಕೆಲಸ ಮಾಡಿದರೂ ಹೆಸರು ಒಂದೇ ಇಟ್ಟುಕೊಂಡರು. ಡೋರೆಮಾನ್ ಫುಜಿಮೊಟೊ ಅವರದು. ನಿಂಜಾ ಹಟ್ಟೋರಿ ಅಬಿಕೊ ಅವರದು. 1987ರಲ್ಲಿ ಪಾಲುದಾರಿಕೆ ಮುಗಿಸಿದಾಗ ಇಬ್ಬರೂ ಸಹಿ ಬೇರೆ ಮಾಡಿಕೊಂಡರು. ಯಾವ ಕೃತಿ ಯಾರದು ಎಂದು ಎಷ್ಟೋ ಓದುಗರಿಗೆ ಸ್ಪಷ್ಟವಾದದ್ದು ಆಗಲೇ.

ಇನ್ನು ನೋಬಿತಾ. ಅವನು ಕೋಮಾದಲ್ಲಿದ್ದ, ಮಾನಸಿಕ ಕಾಯಿಲೆಯಿತ್ತು, ಡೋರೆಮಾನ್ ಅವನ ಭ್ರಮೆ, ಕೊನೆಗೆ ಪ್ರಾಣ ಕಳೆದುಕೊಂಡ ಎಂಬ ಸಂದೇಶಗಳು ಸುಳ್ಳು. ಫುಜಿಮೊಟೊ 1996ರಲ್ಲಿ ತೀರಿಕೊಂಡಾಗ ಡೋರೆಮಾನ್‌ಗೆ ಅಧಿಕೃತ ಮುಕ್ತಾಯ ಬರೆದಿರಲಿಲ್ಲ. ಜಪಾನಿನಲ್ಲಿ ಅಭಿಮಾನಿಯೊಬ್ಬರು ಸ್ವಂತ "ಕೊನೆಯ ಕಂತು" ಬಿಡಿಸಿ ಮಾರಿದಾಗ ಪ್ರಕಾಶಕರು ಆಕ್ಷೇಪಿಸಿದರು. ಕಥೆಯ ಮೇಲೆ ಯಾರಿಗೆ ಹಕ್ಕಿದೆ ಎಂದು ತಿಳಿಯದ ಕಡೆ ಇಂಥ ಮುಕ್ತಾಯಗಳು ಹುಟ್ಟುತ್ತಲೇ ಇರುತ್ತವೆ. ನಿಮ್ಮ ಮನೆಯ ಮಗು ಈ ಸಂದೇಶ ಓದಿ ಬೇಸರಪಟ್ಟಿದ್ದರೆ ಧೈರ್ಯವಾಗಿ ಹೇಳಿ: ನೋಬಿತಾ ಸತ್ತಿಲ್ಲ.

ಮಾತು 5: "ಹೆಸರಿನಲ್ಲೇನಿದೆ? ಕಥೆ ಚೆನ್ನಾಗಿದ್ದರೆ ಸಾಕು"

ಓದುವವರಿಗೆ ಸಾಕಿರಬಹುದು. ದುಡಿದವರಿಗೆ ಸಾಲದು.

ಬ್ಯಾಟ್‌ಮ್ಯಾನ್ 1939ರಲ್ಲಿ ಬಂದ. ಕಲಾವಿದ ಬಾಬ್ ಕೇನ್ ತನ್ನೊಬ್ಬನ ಹೆಸರನ್ನೇ ಕಂಪನಿಯೊಂದಿಗಿನ ಒಪ್ಪಂದದಲ್ಲಿ ಬರೆಸಿಕೊಂಡ. ಮುಖವಾಡ, ಹಾರಾಡುವ ಮೇಲಂಗಿ, ಬ್ರೂಸ್ ವೇಯ್ನ್ ಎಂಬ ಹೆಸರು ಮತ್ತು ಮೊದಲ ಕಥೆಗಳನ್ನು ಕೊಟ್ಟ ಬರಹಗಾರ ಬಿಲ್ ಫಿಂಗರ್ ಹೆಸರು ಎಲ್ಲೂ ಬರಲಿಲ್ಲ. ಫಿಂಗರ್ 1974ರಲ್ಲಿ ತೀರಿಕೊಂಡ. ಅಧಿಕೃತವಾಗಿ ಅವನ ಹೆಸರು ಸೇರಿದ್ದು 2015ರಲ್ಲಿ, ಅವನು ಹೋಗಿ 41 ವರ್ಷವಾದ ಮೇಲೆ. ಅಲ್ಲಿ ಮರೆಯಾದದ್ದು ಕಥೆಗಾರ.

ನಮ್ಮ ಚಂದಮಾಮದಲ್ಲೂ ಅಂಥದೇ ಒಂದು ವಿಚಿತ್ರವಿತ್ತು. 1947ರಲ್ಲಿ ಮದ್ರಾಸಿನಲ್ಲಿ ಶುರುವಾಗಿ 1949ರಲ್ಲಿ ಕನ್ನಡಕ್ಕೂ ಬಂದ ಆ ಪತ್ರಿಕೆಯಲ್ಲಿ ಚಿತ್ರದ ಮೂಲೆಯಲ್ಲಿ "ಶಂಕರ್", "ಚಿತ್ರಾ" ಎಂಬ ಸಹಿಗಳು ಕಾಣುತ್ತಿದ್ದವು. ಬೇತಾಳನನ್ನು ಹೆಗಲ ಮೇಲೆ ಹೊತ್ತ ವಿಕ್ರಮನ ಚಿತ್ರ ಬಿಡಿಸಿದ ಶಂಕರ್ ಹೆಸರು ಹೀಗೆ ಉಳಿಯಿತು. ಆದರೆ ರೋಚಕ ಧಾರಾವಾಹಿಗಳನ್ನು ಬರೆದ ತೆಲುಗಿನ ದಾಸರಿ ಸುಬ್ರಹ್ಮಣ್ಯಂ ಹೆಸರು ಕನ್ನಡದ ಓದುಗರಲ್ಲಿ ಎಷ್ಟು ಜನರಿಗೆ ಗೊತ್ತು?

ಇಬ್ಬರಿಗೂ ಪಾಲು ಸಿಕ್ಕ ಉದಾಹರಣೆ ಬೇಕಿದ್ದರೆ ಮೈಸೂರಿನ ಅಣ್ಣತಮ್ಮಂದಿರನ್ನು ನೋಡಿ. ಆರ್.ಕೆ. ನಾರಾಯಣ್ ಅವರ ಕಥೆಗಳಿಗೆ ತಮ್ಮ ಆರ್.ಕೆ. ಲಕ್ಷ್ಮಣ್ ಚಿತ್ರ ಬಿಡಿಸಿದರು. ಶಂಕರ್ ನಾಗ್ "ಮಾಲ್ಗುಡಿ ಡೇಸ್" ಧಾರಾವಾಹಿ ಮಾಡಿದಾಗಲೂ ಲಕ್ಷ್ಮಣ್ ಅವರ ಗೆರೆಗಳು ಜೊತೆಗಿದ್ದವು. ಇವತ್ತು ಮಾಲ್ಗುಡಿ ಎಂದರೆ ಎರಡೂ ಹೆಸರು ಒಟ್ಟಿಗೆ ಬಾಯಿಗೆ ಬರುತ್ತವೆ.

ಕಾನೂನು ಕೂಡ ಇದನ್ನೇ ಹೇಳುತ್ತದೆ. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಬರಹ ಒಂದು ಕೃತಿ, ಚಿತ್ರ ಇನ್ನೊಂದು ಕೃತಿ. ಕೃತಿಯ ಹಕ್ಕನ್ನು ಪ್ರಕಾಶಕರಿಗೆ ಮಾರಿದ ಮೇಲೂ "ಇದನ್ನು ಮಾಡಿದವನು ನಾನು" ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿಗೆ ಉಳಿಯುತ್ತದೆ. ಕಾಯ್ದೆಯ 57ನೇ ಕಲಂ ಇದಕ್ಕಾಗಿಯೇ ಇದೆ. ನಾವು ಫೋನಿನಲ್ಲಿ ಚಿತ್ರದ ಅಂಚು ಕತ್ತರಿಸಿ, ಮೂಲೆಯ ಸಹಿ ತೆಗೆದು, ಸ್ಟೇಟಸ್ ಹಾಕಿದಾಗ ಅಳಿಸುತ್ತಿರುವುದು ಅದನ್ನೇ.

ಫಾರ್ವರ್ಡ್ ಮಾಡುವ ಮುನ್ನ ಹೀಗೆ ಮಾಡಿ

• ಪುಸ್ತಕ ಕೈಯಲ್ಲಿದ್ದರೆ ಮುಖಪುಟದ ಒಳಬದಿ ಅಥವಾ ಮೊದಲ ಪುಟ ನೋಡಿ. ಕಥೆ ಯಾರದು, ಚಿತ್ರ ಯಾರದು ಎಂದು ಅಲ್ಲಿ ಬೇರೆ ಬೇರೆಯಾಗಿ ಅಚ್ಚಾಗಿರುವುದುಂಟು.

• ಫೋಟೊ ಮಾತ್ರ ಇದ್ದರೆ ಅದನ್ನು ದೊಡ್ಡದು ಮಾಡಿ ನಾಲ್ಕೂ ಮೂಲೆ ನೋಡಿ. ಸಣ್ಣ ಸಹಿ ಇರಬಹುದು.

• ಗೂಗಲ್ ಲೆನ್ಸ್‌ನಲ್ಲಿ ಚಿತ್ರ ಹಾಕಿ ಹುಡುಕಿ. ಕತ್ತರಿಸದ ಮೂಲ ಚಿತ್ರ ಸಿಗುವ ಸಾಧ್ಯತೆ ಇದೆ.

• ಹೆಸರು ಸಿಗದಿದ್ದರೆ ಯಾವುದೋ ಪ್ರಸಿದ್ಧ ಹೆಸರು ಅಂಟಿಸಬೇಡಿ. "ಕಲಾವಿದರು ಯಾರೆಂದು ಗೊತ್ತಿದ್ದವರು ತಿಳಿಸಿ" ಎಂದು ಬರೆಯಿರಿ. ಗುಂಪಿನಲ್ಲಿ ಯಾರಿಗಾದರೂ ಗೊತ್ತಿರುತ್ತದೆ.

• ಸಹಿ ಇರುವ ಅಂಚನ್ನು ಕತ್ತರಿಸಬೇಡಿ.

ಮನೆಯಲ್ಲಿ ಮಕ್ಕಳಿದ್ದರೆ ಇದನ್ನೂ ಓದಿ

"ನನಗೆ ಚಿತ್ರ ಬರಲ್ಲ, ನಾನು ಕಾಮಿಕ್ಸ್ ಮಾಡಕ್ಕಾಗಲ್ಲ" ಎನ್ನುವ ಮಕ್ಕಳಿದ್ದಾರೆ. "ನನಗೆ ಕಥೆ ಹೊಳೆಯಲ್ಲ" ಎನ್ನುತ್ತ ನೋಟುಪುಸ್ತಕದ ಕೊನೆಯ ಪುಟದಲ್ಲಿ ಬಸ್ಸು, ಎತ್ತು, ಮೇಷ್ಟ್ರ ಮುಖ ಬಿಡಿಸುತ್ತ ಕೂರುವವರೂ ಇದ್ದಾರೆ. ಇಬ್ಬರೂ ಒಂದೇ ತರಗತಿಯಲ್ಲಿ, ಕೆಲವೊಮ್ಮೆ ಒಂದೇ ಬೆಂಚಿನಲ್ಲಿ ಇರುತ್ತಾರೆ. ಒಬ್ಬನೇ ಎಲ್ಲ ಮಾಡಬೇಕು ಎಂಬ ತಪ್ಪು ತಿಳಿವಳಿಕೆಯಿಂದ ಇಬ್ಬರೂ ಸುಮ್ಮನಿರುತ್ತಾರೆ.

ಅವರಿಬ್ಬರನ್ನೂ ಕೂರಿಸಿ. ಒಂದು ಬಿಳಿ ಹಾಳೆಯನ್ನು ಮಡಚಿ ಆರು ಚೌಕ ಮಾಡಿ. ಕಥೆ ಹೇಳುವವರು ಪ್ರತಿ ಚೌಕಕ್ಕೆ ಎರಡೇ ಸಾಲು ಬರೆಯಲಿ: ಏನು ಕಾಣಬೇಕು, ಯಾರು ಏನು ಹೇಳಬೇಕು. ಚಿತ್ರ ಬಿಡಿಸುವವರು ಪೆನ್ಸಿಲ್‌ನಲ್ಲಿ ಕಚ್ಚಾ ಬಿಡಿಸಲಿ. ಆಮೇಲೆ ಇಬ್ಬರೂ ಕೂತು, ಚಿತ್ರವೇ ಹೇಳುತ್ತಿರುವ ಮಾತುಗಳನ್ನು ಹೊಡೆದುಹಾಕಲಿ. ಜಗಳವಾಗಬಹುದು, ಆಗಲಿ. ಕೊನೆಗೆ ಮಸಿ, ಬಣ್ಣ.

ಮುಗಿದ ಮೇಲೆ ಹಾಳೆಯ ಕೆಳಗೆ "ಕಥೆ" ಎಂದು ಒಂದು ಹೆಸರು, "ಚಿತ್ರ" ಎಂದು ಇನ್ನೊಂದು ಹೆಸರು ಬರೆಸಿ. ಅದರ ಫೋಟೊವನ್ನು ಗುಂಪಿಗೆ ಕಳಿಸುವಾಗ ಆ ಎರಡು ಹೆಸರೂ ಚೌಕಟ್ಟಿನೊಳಗೆ ಬಂದಿವೆಯೇ ಎಂದು ನೋಡಿಕೊಳ್ಳಿ.